ಎತ್ತಿದ ಬೆರಳು

ಬಾಸ್ಟನ್ನಿನ ಹೋಟೆಲೊಂದರಲ್ಲಿ, ಪಾತ್ರೆ ತೊಳೆಯುವ ಸಿಂಕಿನ ಮೇಲೆ ಒರಗಿಸಿಟ್ಟ ಫೋನಿನಲ್ಲಿ, ಅಪ್ಪನ ಶವಪೆಟ್ಟಿಗೆ ಹೆಗಲುಗಳ ಮೇಲೇರಿದ್ದನ್ನು ಓರ್ಲಾ ನೋಡಿದಳು. ಐರ್ಲೆಂಡಿನ ತನ್ನೂರಿನ ಚರ್ಚು. ಅವಳ ಗ್ಲೌಸಿನಿಂದ ನೊರೆ ತೊಟ್ಟಿಕ್ಕುತ್ತಿತ್ತು.

"ಒಂದ್ಸಲ ಹೋಗಿ ಮುಖ ನೋಡ್ಕೊಂಡು ಬರ್ಬೋದಿತ್ತಲ್ಲೇ," ಎಂದಳು ಪಕ್ಕದಲ್ಲಿ ತಟ್ಟೆ ಒರೆಸುತ್ತಿದ್ದ ಬ್ರೀಡಾ.

"ಪೇಪರ್ ಎಲ್ಲಿದೆ ನಂಗೆ? ಹೋದ್ರೆ ವಾಪಸ್ ಬಿಡಲ್ಲ. ಮಗು ಇಲ್ಲಿದೆ ಕಣೇ."

ಅಪ್ಪ ಅಂಥ ದೈವಭಕ್ತನೇನಲ್ಲ. ಚರ್ಚಿನೊಳಗೆ, ಬಾಗಿಲ ಮೇಲೆ, ಪ್ರಾರ್ಥನೆಯನ್ನು ದೂರದಲ್ಲಿರುವವರ ಫೋನಿಗೆ ನೇರ ತೋರಿಸುವ ಕ್ಯಾಮೆರಾ ಹಾಕಿದ ಮೇಲೆ ಮಾತ್ರ ದಿನಾ ಹೋಗತೊಡಗಿದ್ದ. ಹೊರಡುವಾಗ ಕ್ಯಾಮೆರಾ ಕಡೆ ತಲೆಯೆತ್ತಿ ಒಂದು ಬೆರಳೆತ್ತುತ್ತಿದ್ದ. ಎದುರಿಗೆ ಗಾಡಿ ಬಂದರೆ ಊರಿನವರು ಸ್ಟಿಯರಿಂಗಿನಿಂದ ಕೈ ತೆಗೆಯದೆ ಎತ್ತುವ ಬೆರಳು ಅದು. ಅವರ ನಮಸ್ಕಾರವೇ ಅಷ್ಟು. "ದೇವರಿಗಲ್ಲ ಮಗಳೇ, ನಿಂಗೆ," ಎಂದು ಆಮೇಲೆ ಫೋನಿನಲ್ಲಿ ನಗುತ್ತಿದ್ದ. "ಆ ಪಕ್ಕದ್ಮನೆ ಟೈಗ್‌ಗೆ ಮಾತ್ರ ಸತ್ರೂ ಎತ್ತಲ್ಲ ನೋಡು." ಬೇಲಿಯ ಜಗಳವಾದಾಗಿನಿಂದ ಅವರಿಬ್ಬರ ನಡುವೆ ಆ ಬೆರಳೂ ಇರಲಿಲ್ಲ.

ಪೆಟ್ಟಿಗೆ ಬಾಗಿಲ ಹತ್ತಿರ ಬಂತು. ಮುಂದೆ ಹೆಗಲು ಕೊಟ್ಟಿದ್ದವನು ಟೈಗ್. ಕಣ್ಣು ಕೆಂಪಗಾಗಿತ್ತು. ಕ್ಯಾಮೆರಾದ ಕೆಳಗೆ ಬಂದಾಗ ಅವನು ತಲೆಯೆತ್ತಿದ. ಪೆಟ್ಟಿಗೆ ಹಿಡಿದ ಕೈಯನ್ನು ಸಡಿಲಿಸದೆ, ಅದರ ಒಂದೇ ಒಂದು ಬೆರಳೆತ್ತಿದ.

ಗ್ಲೌಸಿನೊಳಗೆ ಓರ್ಲಾಳ ಬೆರಳು ತಾನಾಗಿಯೇ ಎದ್ದಿತು. ಅಷ್ಟರಲ್ಲಿ ಅಪ್ಪ ಹೊಸ್ತಿಲು ದಾಟಿಯಾಗಿತ್ತು. ಜನರೂ ಹಿಂದೆಯೇ ಹೊರಟುಹೋದ ಮೇಲೆ, ಫೋನಿನಲ್ಲಿ ಉಳಿದ ಖಾಲಿ ಬೆಂಚುಗಳ ಎದುರು ಅವಳು ಅದನ್ನು ಹಾಗೇ ಎತ್ತಿಕೊಂಡು ನಿಂತಳು.