ಕೌದಿಯ ತುತ್ತು

ಬಾಗಿಲಲ್ಲಿ ಆಯಿಯನ್ನು ಕಂಡದ್ದೇ ತಡ, ಪೂನಂ ಓಡಿ ಹೋಗಿ ಅಡ್ಡ ನಿಂತಳು. ದುಬಲಗುಂಡಿಯಿಂದ ಎರಡು ಬಸ್ಸು ಹತ್ತಿ ಇಳಿದು, ಬಸವಕಲ್ಯಾಣದ ಈ ಚಿತ್ರಕಲಾ ಪ್ರದರ್ಶನಕ್ಕೆ ಅಜ್ಜಿ ಒಬ್ಬಳೇ ಬಂದುಬಿಡುತ್ತಾಳೆಂದು ಯಾರು ಎಣಿಸಿದ್ದರು!

"ಆಯಿ, ಮೊದಲ ಚಹಾ ಕುಡಿಯೋಣ ನಡಿ."

"ಚಹಾ ಎಲ್ಲಿ ಓಡಿ ಹೋಗ್ತದ? ನಿನ್ನ ಚಿತ್ರ ತೋರಸು."

ತೋರಿಸುವುದು ಹೇಗೆ? ತಾಯಿ ವಿದ್ಯಾವತಿ ತೀರಿಕೊಂಡ ಮೇಲೆ ಹುಮನಾಬಾದಿನ ಬಾಡಿಗೆ ಕೋಣೆಯಲ್ಲಿ ಪೂನಂಗೆ ಕಣ್ಣಿಗೆ ಕಣ್ಣು ಹತ್ತುತ್ತಿರಲಿಲ್ಲ. ಅದಕ್ಕೆಂದೇ ಆಯಿ ಪಾರ್ವತಿಬಾಯಿ ಹೊದೆಯಲು ಒಂದು ಕೌದಿ ಹೊಲಿದು ಕೊಟ್ಟಿದ್ದಳು. ತನ್ನ ತಾಯಿಯ ಇಳಕಲ್ ಸೀರೆ, ತನ್ನ ಮದುವೆಯ ಸೀರೆ, ಮಗಳು ವಿದ್ಯಾವತಿ ಕೊನೆಗೆ ಉಟ್ಟ ಹಸಿರು ಸೀರೆ, ಎಲ್ಲವೂ ಅದರಲ್ಲಿದ್ದವು. ಆ ಕೌದಿಯನ್ನೇ ಪೂನಂ ಕತ್ತರಿಸಿ, ಹಲಗೆಗೆ ಅಂಟಿಸಿ, ಮೇಲೆ ಕೆಮ್ಮಣ್ಣು, ಬೂದಿ, ಬಣ್ಣ ಬಳಿದು 'ವಿಶ್ರಾಂತಿ' ಎಂದು ಹೆಸರಿಟ್ಟಿದ್ದಳು. ಫೋನಿನಲ್ಲಿ ಮಾತ್ರ ದಿನಾ ಒಂದೇ ಮಾತು: "ಹೊದ್ಕೊಂಡೇ ಮಲಗಾಕತ್ತೇನಿ, ಆಯಿ."

ಆಯಿ ತಾನೇ ಒಳಗೆ ನಡೆದು, ಗೋಡೆಯ ಮೇಲಿನ ಆ ಚಿತ್ರದ ಮುಂದೆ ನಿಂತಳು. ನಿಂತೇ ಇದ್ದಳು. ಪೂನಂ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಒಮ್ಮೆ ಬೈದುಬಿಟ್ಟರೂ ಸಾಕಿತ್ತು. ಆಯಿ ಬೈಯಲಿಲ್ಲ, ಕೈ ಚಾಚಿ ಹಸಿರು ತುಂಡನ್ನು ಸವರಿದಳು.

"ಅಮ್ಮಾರ, ಮುಟ್ಟಬ್ಯಾಡ್ರಿ," ಎಂದು ಪ್ರದರ್ಶನ ಏರ್ಪಡಿಸಿದ್ದ ಅಜೀತ ಧಾವಿಸಿ ಬಂದ.

"ನಾ ಹೊಲ್ದದ್ದು ನಾ ಮುಟ್ಟಬಾರದೇನಪ್ಪಾ?"

ಅಜೀತ ಪೂನಂಳ ಮುಖ ನೋಡಿದ. ಪೂನಂ ನೆಲ ನೋಡಿದಳು.

ಮುದುಕಿಯ ಬೆರಳುಗಳು ಅಂಚು ಹಿಡಿದು ಕೆಳಗಿಳಿದು, ಅಂಟಿಸದೆ ಜೋಲಲು ಬಿಟ್ಟಿದ್ದ ಮೂಲೆಗೆ ಬಂದವು. ಹಿಚುಕಿ ನೋಡಿದಳು.

"ಮೂಲ್ಯಾಗಿನ ತುತ್ತು ಎಲ್ಲದ?"

"ಯಾವ ತುತ್ತು?"

"ಕಡೀ ಹೊಲಿಗಿ ಹಾಕೂ ಮುಂದ ರೊಟ್ಟಿ ತುಣುಕು ಇಡ್ತೀವಲ್ಲ. ಕೌದಿ ಹಸ್ದಿರಬಾರದು. ಹಸ್ದ ಕೌದಿ ಹೊದ್ಕೊಂಡ್ರ ನಿದ್ದಿ ಹ್ಯಾಂಗ ಬರ್ತದ?"

ಕತ್ತರಿ ಹಾಕಿದ ದಿನ ಆ ಮೂಲೆಯಿಂದ ಏನೋ ಪುಡಿ ಉದುರಿದ್ದು ಪೂನಂಗೆ ನೆನಪಾಯಿತು. "ಕಸ ಅಂತ ಗುಡಿಸಿಬಿಟ್ಟೆ, ಆಯಿ," ಎಂದವಳೇ ಜನರ ನಡುವೆಯೇ ಅತ್ತುಬಿಟ್ಟಳು.

ಆಯಿ ಬುತ್ತಿಗಂಟು ಬಿಚ್ಚಿದಳು. ಜೋಳದ ರೊಟ್ಟಿಯ ಒಂದು ತುಣುಕು ಮುರಿದು ಮೂಲೆಯೊಳಗಿಟ್ಟಳು. ಸೊಂಟದ ಸಂಚಿಯಿಂದ ಸೂಜಿದಾರ ತೆಗೆದು ನಾಲ್ಕು ಹೊಲಿಗೆ ಹಾಕಿದಳು. ಅಜೀತನೂ ಈಗ ತಡೆಯಲಿಲ್ಲ.

"ಬಿಚ್ಚಿ ಒಯ್ಯೋಣ, ಆಯಿ. ಮತ್ತ ಕೌದಿ ಮಾಡಿಕೊಡು."

"ಇಷ್ಟು ಅಂಟು ಬಡದೀದಿ, ಎಲ್ಲಿಂದ ಬಿಚ್ಚಲಿ? ಇರಲಿ ಬಿಡು."

ಹಲ್ಲಿನಿಂದ ದಾರ ಕಡಿದು, ಆಯಿ ಮೊಮ್ಮಗಳ ಕಣ್ಣಿನ ಕೆಳಗಿನ ಕಪ್ಪನ್ನು ನೋಡಿದಳು.

"ಕೌದಿ ಗ್ವಾಡಿಗಿ ಹೊಚ್ಚೀದಿ. ಗ್ವಾಡಿಗೇನೋ ಇನ್ನ ನಿದ್ದಿ ಬಂದೀತು. ನಿನಗ?"