ಬಾಯಿಗೆ ಬಾರದ ಹೆಸರು

ಒಂದು ಇಂಗ್ಲಿಷ್ ಪದ ಕಲಿಯಬೇಕಾದರೆ ಕನ್ನಡದ್ದೊಂದು ಪದವನ್ನು ತಲೆಯಿಂದ ಬಿಟ್ಟುಕೊಡಬೇಕು. ಗದಗಿನ ಸಂಜೆ ತರಗತಿಯಲ್ಲಿ ಇದನ್ನು ಯಾರೂ ದೊಡ್ಡದು ಮಾಡುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಕಾಶವ್ವ ಮೇಲ್ವಿಚಾರಕಿಯಾಗುವ ಆಸೆಯಿಂದ ಸೇರಿದ್ದಳು. ಒನಕೆ, ಒರಳು, ಕಣಜ ಅಂತ ಮನೆಯಲ್ಲಿಲ್ಲದ ಸಾಮಾನಿನ ಹೆಸರುಗಳನ್ನು ಕೊಟ್ಟೇ ಮೊದಲ ಹಂತ ದಾಟಿದಳು. ಎರಡನೆಯ ಹಂತದಲ್ಲಿ ‘ರೆಸ್ಪಾನ್ಸಿಬಿಲಿಟಿ’ ಬಂತು.

“ಇದಕ್ಕ ಹಗುರ ಪದ ನಡೆಯಂಗಿಲ್ರಿ ಕಾಶವ್ವ, ಜೀವಕ್ಕ ಹತ್ತಿದ್ದು ಬೇಕು,” ಎಂದರು ಮೇಡಂ.

ಕಾಶವ್ವ ಗಂಡನ ಹೆಸರು ಕೊಟ್ಟಳು. ಮದುವೆಯಲ್ಲಿ ಎಲ್ಲರೂ ಕಾಡಿದ್ದಕ್ಕೆ ಒಡಪಿನ ಪದ್ಯ ಕಟ್ಟಿ ಅದರ ಕೊನೆಗೆ ಒಮ್ಮೆ ಹೇಳಿದ್ದು ಬಿಟ್ಟರೆ, ಮೂವತ್ತು ವರ್ಷ ಅದನ್ನು ಬಾಯಿಬಿಟ್ಟು ಅಂದವಳಲ್ಲ. ‘ಇವರು’ ಅಂದರೆ ಸಾಕಾಗುತ್ತಿತ್ತು.

ಇವತ್ತು ಬೆಳಿಗ್ಗೆ ಇವರು ಹತ್ತಿದ್ದ ಬಸ್ಸು ಹಳ್ಳಕ್ಕೆ ಉರುಳಿತು. ಆಸ್ಪತ್ರೆಯ ಗೋಡೆಗೆ ಎರಡು ಪಟ್ಟಿ ಅಂಟಿಸಿದ್ದರು, ಉಳಿದವರದೊಂದು, ಹೋದವರದೊಂದು. ಕಾಶವ್ವ ಬೆರಳಿಟ್ಟು ಎರಡನ್ನೂ ಮೂರು ಸಲ ಓದಿದಳು. ಎಲ್ಲವೂ ಯಾರೋ ಪರವೂರಿನವರ ಹೆಸರಿನಂತೆ ಕಂಡವು.

“ಯಜಮಾನ್ರ ಹೆಸರ ಹೇಳಬೇ ಯವ್ವಾ, ನಾನ ಹುಡುಕ್ತೀನಿ,” ಅಂದ ಗುಮಾಸ್ತ. ಅವಳು ತಲೆ ತಗ್ಗಿಸಿದಳು. ಇಂಥ ಹೆಂಗಸರನ್ನು ಅವನು ಎಷ್ಟೋ ಕಂಡಿದ್ದ. “ನಾಚಬ್ಯಾಡಬೇ, ಒಡಪಿನ್ಯಾಗರ ಹೇಳು.”

ಕಾಶವ್ವ ಒಡಪು ಶುರುಮಾಡಿದಳು. ಬೆಳ್ಳಿ ಬಟ್ಟಲು ಬಂತು, ಬಟ್ಟಲ ತುಂಬ ಹಾಲು ಬಂತು, ಹಾಲಿನೊಳಗಿನ ಕೇಸರಿಯೂ ಬಂತು. ಹೆಸರು ಬರಬೇಕಾದ ಜಾಗದಲ್ಲಿ ‘ರೆಸ್ಪಾನ್ಸಿಬಿಲಿಟಿ’, ಉಚ್ಚಾರ ಎಳ್ಳಷ್ಟೂ ತಪ್ಪದೆ, ಬಂದು ನಿಂತಿತು.