ಸೀಡರ್ ಬೀದಿ, ಹಸಿರು ಬಾಗಿಲು

"ಅತ್ತೆ, ಈಗ ಹೆಸರು ಕೇಳ್ತಿದೆಯಾ?" ಡೋರೀನ್‌ಳ ನಾದಿನಿಯ ಮಗಳು ಸೆಲೆಸ್ಟ್ ಫೋನಿನಲ್ಲಿದ್ದಳು.

"ಹೂಂ ಕಣೆ. ಈ ಕಂಪ್ಯೂಟರ್ ಯಾರು ಬಳಸ್ತಾರೆ ಅಂತಿದೆ."

"ನಿನ್ನ ಹೆಸರೇ ಹಾಕು. ಮಾವನಿಗೆ ಪಾಸ್‌ವರ್ಡ್ ನೆನಪಿರಲ್ಲ, ಆಮೇಲೆ ಪರದಾಡೋಳು ನೀನೇ."

'ಡೋರೀನ್ ಪೆಲ್ಕಿ' ಎಂದು, ಮದುವೆಯಾದ ಮೇಲೂ ಬಿಡದ ತವರಿನ ಹೆಸರನ್ನೇ ಒತ್ತಿ, ಡೋರೀನ್ ಕುರ್ಚಿಗೆ ಒರಗಿದಳು. ಬೆಳಗಿನಿಂದ ಇದೇ ಕೆಲಸ. ಹಳೆಯ ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿ, ಗರಗರ ಎನ್ನುತ್ತಿದ್ದ ಹಾರ್ಡ್ ಡಿಸ್ಕ್ ತೆಗೆದು, ಸೆಲೆಸ್ಟ್ ಕಳಿಸಿದ್ದ ಹೊಸದನ್ನು ಕೂರಿಸಿ, ಪೆನ್‌ಡ್ರೈವ್‌ನಿಂದ ಆಪರೇಟಿಂಗ್ ಸಿಸ್ಟಂ ಹಾಕುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ನಡುನಡುವೆ ಗಂಡನಿಗೆ ಸೂಪು ಕುಡಿಸಬೇಕು, ಹಾಕಿದ ಅಂಗಿ ಮತ್ತೆ ಬಿಚ್ಚಿಕೊಳ್ಳದಂತೆ ನೋಡಬೇಕು.

ಅವಳ ಗಂಡ ವಿಲ್ಫ್ ಮಲೋನ್ ಊರಿನಲ್ಲಿ ಅಂಚೆ ಹಂಚಿ ನಿವೃತ್ತನಾದವನು. ಮರೆವಿನ ಕಾಯಿಲೆ ಬಂದ ಮೇಲೆ ಅವನಿಗೆ ಉಳಿದದ್ದು ಲ್ಯಾಪ್‌ಟಾಪಿನ ಇಸ್ಪೀಟಾಟವೊಂದೇ. ಅವನು ಆಡುವಷ್ಟು ಹೊತ್ತು ಡೋರೀನ್ ಸೋಫಾದ ಮೇಲೆ ಕಣ್ಣು ಮುಚ್ಚಬಹುದಿತ್ತು. ಈಚೆಗೆ ಯಂತ್ರ ಎಷ್ಟು ನಿಧಾನವಾಗಿತ್ತೆಂದರೆ, ಪರದೆಯ ಮೇಲೆ ಎಲೆಗಳು ಕಾಣಿಸುವಷ್ಟರಲ್ಲಿ ಅವನು ಎದ್ದುಹೋಗಿ ಬಾಗಿಲ ಚಿಲಕ ತೆಗೆಯುತ್ತಿದ್ದ.

"ಬಾ ವಿಲ್ಫ್, ಇನ್ಮೇಲೆ ಒತ್ತಿದ ಕೂಡಲೇ ಬರತ್ತೆ."

ಅವನು ಪರದೆಯ ಮೇಲಿನ ಹೆಸರನ್ನು ಬೆರಳಿಟ್ಟು ಓದಿದ. "ಇದು ನಮ್ಮದಲ್ಲ. ಯಾರೋ ಡೋರೀನ್ ಪೆಲ್ಕಿ ಅನ್ನೋರದು."

"ನಾನೇ ಅಲ್ವಾ ಡೋರೀನ್!"

ಅವನು ಅವಳ ಮುಖವನ್ನು ಸೌಜನ್ಯದಿಂದಲೇ ನೋಡಿದ. "ನೀವು ನನ್ನನ್ನ ನೋಡ್ಕೊಳ್ಳೋಕೆ ಬರೋರು. ಒಳ್ಳೆಯವರೇ. ಆದ್ರೆ ಇನ್ನೊಬ್ಬರ ಸಾಮಾನು ಇಟ್ಕೋಬಾರದು ಮೇಡಂ. ತಲುಪಿಸ್ಬೇಕು."

ಅವನು ವಾರಗಳನ್ನು ಮರೆತಿದ್ದ, ಉಂಡದ್ದನ್ನು ಮರೆತಿದ್ದ, ಒಡಹುಟ್ಟಿದ ತಂಗಿಯನ್ನೂ ಮರೆತಿದ್ದ. ಡೋರೀನ್‌ಳನ್ನು ಮರೆತದ್ದು ಅದೇ ಮೊದಲು.

ವಾದಿಸಲು ಅವಳಲ್ಲಿ ತ್ರಾಣವಿರಲಿಲ್ಲ. "ಅವರ ಮನೆ ಗೊತ್ತಾ?" ಎಂದಷ್ಟೇ ಕೇಳಿದಳು.

"ಪೆಲ್ಕಿಯವರ ಮನೆ ಗೊತ್ತಿಲ್ದೆ ಇರತ್ತಾ? ಸೀಡರ್ ಬೀದಿ, ಹಸಿರು ಬಾಗಿಲು."

ಲ್ಯಾಪ್‌ಟಾಪನ್ನು ಹೆಗಲಚೀಲಕ್ಕೆ ಸೇರಿಸಿ ಅವನು ತಮ್ಮ ಮನೆಯ ಅದೇ ಹಸಿರು ಬಾಗಿಲಿನಿಂದ ಹೊರಬಿದ್ದ. ಅವಳು ಕೋಟು ಸಿಕ್ಕಿಸಿಕೊಂಡು ದೂರದಿಂದ ಹಿಂಬಾಲಿಸಿದಳು. ಹಿಮ ಗಟ್ಟಿಯಾಗಿ ಕಾಲುದಾರಿಯೆಲ್ಲ ಜಾರುತ್ತಿತ್ತು. ಅವಳು ಬೇಲಿ ಹಿಡಿದು ನಡೆದಳು. ಅವನು ಮಾತ್ರ ನೆಟ್ಟಗೆ, ಪ್ರತಿ ಟಪಾಲುಪೆಟ್ಟಿಗೆಯ ಮುಂದೆ ಒಂದು ಗಳಿಗೆ ನಿಂತು ಮುಂದೆ ಸಾಗುತ್ತಿದ್ದ. ಎರಡು ಬೀದಿ ಬಳಸಿ ಅವನು ಇನ್ನೊಂದು ತುದಿಯಿಂದ ಸೀಡರ್ ಬೀದಿಗೆ ತಿರುಗಿದಾಗ, ಬಾಗಿಲು ತೆರೆಯಲು ತಾನು ಒಳಗಿರಬೇಕೆಂದು ಅವಳಿಗೆ ಹೊಳೆಯಿತು. ನೆರೆಯವರ ಹಿತ್ತಿಲು ಹಾದು, ಏದುಸಿರು ಬಿಡುತ್ತಾ, ತಮ್ಮ ಅಡುಗೆಮನೆಯ ಬಾಗಿಲಿನಿಂದ ಒಳಗೆ ನುಗ್ಗಿದಳು.

ಕರೆಗಂಟೆ ಸದ್ದಾಯಿತು. ಅವಳು ಮುಂಬಾಗಿಲು ತೆರೆದಳು.

"ಡೋರೀನ್ ಪೆಲ್ಕಿ ಅಂದ್ರೆ ನೀವೇನಾ?"

"ಹೌದು. ನಾನೇ."

ಅವನು ಚೀಲದಿಂದ ಲ್ಯಾಪ್‌ಟಾಪ್ ತೆಗೆದು, ಅಂಗಿಯ ತೋಳಿನಿಂದ ಒರೆಸಿ, ಎರಡೂ ಕೈಯಲ್ಲಿ ಕೊಟ್ಟ. ಅವನ ಮುಖದಲ್ಲಿ ಎಷ್ಟೋ ದಿನಗಳಿಂದ ಕಾಣದಿದ್ದ ನೆಮ್ಮದಿಯಿತ್ತು. ಅವಳು ತೆಗೆದುಕೊಂಡಳು.

"ಒಳಗೆ ಬನ್ನಿ," ಎಂದಳು. "ಚಳಿ ಇದೆ. ಕಾಫಿ ಬಿಸಿ ಮಾಡ್ತೀನಿ."

"ಬೇಡಮ್ಮ. ಇನ್ನೂ ಆಚೆ ಸಾಲಿನ ಮನೆಗಳೆಲ್ಲ ಬಾಕಿ ಇವೆ." ಮೆಟ್ಟಿಲು ಇಳಿಯುತ್ತಾ ಅವನು ತಿರುಗಿ ನಕ್ಕ. "ತಡ ಮಾಡಿದ್ರೆ ನನ್ನ ಹೆಂಡ್ತಿ ಬೈತಾಳೆ."

ಡೋರೀನ್ ಲ್ಯಾಪ್‌ಟಾಪನ್ನು ಹೊಸ್ತಿಲೊಳಗೆ ನೆಲದ ಮೇಲಿಟ್ಟು, ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಅವನ ಹಿಂದೆಯೇ ಇಳಿದಳು.